ಮೈದಾನ ಕಲಿಸಿದ ಪಾಠ: ಮೊಹಮ್ಮಡನ್ ಸ್ಪೋರ್ಟಿಂಗ್‌ನಿಂದ ಬೆಂಗಳೂರಿನ ಅಹ್ಮದ್ ಖಾನ್‌ವರೆಗೆ

ವಿಶ್ವಕಪ್ ಫುಟ್‌ಬಾಲ್ ಬಂತೆಂದರೆ ನಮ್ಮ ಕರಾವಳಿಯ ಎಷ್ಟೋ ಊರುಗಳ ನೋಟವೇ ಬದಲಾಗುತ್ತದೆ. ರಸ್ತೆ ಬದಿಯಲ್ಲಿ ಆಟಗಾರರ ಆಳೆತ್ತರದ ಫ್ಲೆಕ್ಸ್‌ಗಳು ಏಳುತ್ತವೆ. ಒಂದು ಮನೆಯ ಮಾಡಿನ ಮೇಲೆ ಬ್ರೆಜಿಲ್ ಬಾವುಟ, ಎದುರು ಮನೆಯ ತೆಂಗಿನ ಮರದಲ್ಲಿ ಅರ್ಜೆಂಟೀನಾ ಬಾವುಟ. 2022ರ ಡಿಸೆಂಬರ್ 18ರ ರಾತ್ರಿ ಖತರ್‌ನ ಲುಸೈಲ್ ಕ್ರೀಡಾಂಗಣದಲ್ಲಿ ಅರ್ಜೆಂಟೀನಾ ತಂಡ ಪೆನಾಲ್ಟಿ ಒದೆತಗಳಲ್ಲಿ ಫ್ರಾನ್ಸನ್ನು ಸೋಲಿಸಿದಾಗ, ಅಲ್ಲಿಂದ ಸಾವಿರಾರು ಮೈಲಿ ದೂರದ ನಮ್ಮ ಹುಡುಗರು ಬೀದಿಗಿಳಿದು ಕುಣಿದರು. ಫ್ರಾನ್ಸಿನ ಕಡೆಯವರು ಊಟ ಬಿಟ್ಟು ಮಲಗಿದರು.

ಇದನ್ನು ನೋಡಿದ ಹಿರಿಯರು ಕೇಳುವ ಪ್ರಶ್ನೆ ಯಾವಾಗಲೂ ಒಂದೇ. “ಅವರು ಗೆದ್ದರೆ ನಿಮಗೇನು ಸಿಗುತ್ತದೆ? ಇದೇ ಹೊತ್ತನ್ನು ಪುಸ್ತಕದ ಮುಂದೆ ಕಳೆದಿದ್ದರೆ ಪರೀಕ್ಷೆಯಲ್ಲಾದರೂ ಪಾಸಾಗುತ್ತಿದ್ದಿರಿ.” ಈ ಮಾತಿನಲ್ಲಿ ಕಳಕಳಿ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಅದು ಉತ್ತರಕ್ಕೆ ಅರ್ಹವಾದ ಪ್ರಶ್ನೆಯೂ ಹೌದು. ಯಾರೋ ಒದೆಯುವ ಚೆಂಡಿನ ಹಿಂದೆ ಇನ್ಯಾರದೋ ಮನಸ್ಸು ಏಕೆ ಓಡುತ್ತದೆ? ಒಂದು ತಂಡದ ಮೇಲಿನ ಅಭಿಮಾನದಿಂದ ಸಾಮಾನ್ಯ ಮನುಷ್ಯನ ದಿನನಿತ್ಯದ ಬದುಕಿಗೆ ಸಿಗುವುದೇನು, ಹೋಗುವುದೇನು?

ಈ ಪ್ರಶ್ನೆಗೆ ಉತ್ತರ ಹುಡುಕಲು ಬ್ಯೂನಸ್ ಐರಿಸ್‌ಗೆ ಹೋಗಬೇಕಾಗಿಲ್ಲ. ನಮ್ಮದೇ ದೇಶದ ಕಲ್ಕತ್ತಾ ಮತ್ತು ಬೆಂಗಳೂರಿನ ಮೈದಾನಗಳಲ್ಲಿ ಅದರ ಇತಿಹಾಸವಿದೆ. ಅದರಲ್ಲಿ ಮುಸ್ಲಿಮ್ ಆಟಗಾರರು ಮತ್ತು ಮುಸ್ಲಿಮ್ ಅಭಿಮಾನಿಗಳ ದೊಡ್ಡ ಪಾಲೂ ಇದೆ. ನಮ್ಮ ಮಕ್ಕಳಿಗೆ ಮೆಸ್ಸಿಯ ಹುಟ್ಟಿದ ದಿನಾಂಕ ಗೊತ್ತು. ಬೆಂಗಳೂರಿನ ಅಹ್ಮದ್ ಖಾನ್ ಯಾರೆಂಬುದು ಗೊತ್ತಿಲ್ಲ. ಆದ್ದರಿಂದ ಈ ಲೇಖನ.

ಬರಿಗಾಲಿನ ಗೆಲುವು

ಫುಟ್‌ಬಾಲ್ ನಮ್ಮ ದೇಶಕ್ಕೆ ಬಂದದ್ದು ಬ್ರಿಟಿಷ್ ಸೈನಿಕರು, ವ್ಯಾಪಾರಿಗಳು ಮತ್ತು ಶಾಲಾ ಶಿಕ್ಷಕರ ಮೂಲಕ. ದಂಡು ಇದ್ದ ಕಡೆ ಚೆಂಡು ಇತ್ತು. 1888ರಲ್ಲಿ ಶಿಮ್ಲಾದಲ್ಲಿ ಡ್ಯುರಾಂಡ್ ಕಪ್, 1891ರಲ್ಲಿ ಮುಂಬಯಿಯಲ್ಲಿ ರೋವರ್ಸ್ ಕಪ್, 1893ರಲ್ಲಿ ಕಲ್ಕತ್ತಾದಲ್ಲಿ ಐ.ಎಫ್.ಎ. ಶೀಲ್ಡ್ ಆರಂಭವಾದವು. ಅನೇಕ ವರ್ಷಗಳ ಕಾಲ ಈ ಪ್ರಶಸ್ತಿಗಳೆಲ್ಲ ಬಿಳಿಯರ ಪಲ್ಟನ್‌ಗಳ ಪಾಲಾಗುತ್ತಿದ್ದವು. ಭಾರತೀಯರು ದೇಹದಿಂದಲೂ ಮನಸ್ಸಿನಿಂದಲೂ ದುರ್ಬಲರು ಎಂಬ ಮಾತನ್ನು ಆಳುವವರು ಹೇಳುತ್ತಲೇ ಇದ್ದರು. ಆಳಿಸಿಕೊಳ್ಳುವವರಲ್ಲಿ ಹಲವರು ಅದನ್ನು ನಂಬಿಯೂ ಬಿಟ್ಟಿದ್ದರು.

1911ರ ಜುಲೈ 29ರಂದು ಆ ನಂಬಿಕೆಗೆ ಮೊದಲ ಪೆಟ್ಟು ಬಿತ್ತು. ಐ.ಎಫ್.ಎ. ಶೀಲ್ಡ್ ಫೈನಲ್‌ನಲ್ಲಿ ಕಲ್ಕತ್ತಾದ ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1 ಗೋಲುಗಳಿಂದ ಸೋಲಿಸಿತು. ಹನ್ನೊಂದು ಮಂದಿಯಲ್ಲಿ ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಬರಿಗಾಲಿನಲ್ಲಿ ಆಡಿದ್ದರು. ಎದುರಾಳಿಗಳ ಕಾಲಲ್ಲಿ ಗಟ್ಟಿ ಬೂಟುಗಳು. ಪಂದ್ಯ ನೋಡಲು ಹತ್ತಾರು ಸಾವಿರ ಜನ ಸೇರಿದ್ದರು. ಹೊರಗಿನಿಂದ ಬರುವವರಿಗಾಗಿ ವಿಶೇಷ ರೈಲು ಓಡಿಸಲಾಗಿತ್ತು. ಮೈದಾನದ ಹತ್ತಿರ ಬರಲಾಗದವರಿಗೆ ಗಾಳಿಪಟಗಳನ್ನು ಹಾರಿಸಿ ಗೋಲಿನ ಲೆಕ್ಕ ತಿಳಿಸಿದರಂತೆ.

ಈ ಘಟನೆಯ ಒಂದು ವಿವರ ನಮಗೆ ಮುಖ್ಯ. ಮೋಹನ್ ಬಗಾನ್ ತಂಡದಲ್ಲಿ ಮುಸ್ಲಿಮ್ ಆಟಗಾರರು ಇರಲಿಲ್ಲ. ಆದರೂ ಅಂದು ಕಲ್ಕತ್ತಾದ ಮುಸ್ಲಿಮ್ ಕ್ಲಬ್ಬಿನ ಸದಸ್ಯರು ತಮ್ಮ ಹಿಂದೂ ಸಹೋದರರ ಗೆಲುವಿಗೆ ಹುಚ್ಚೆದ್ದು ನೆಲದಲ್ಲಿ ಹೊರಳಾಡಿ ಸಂಭ್ರಮಿಸಿದರು ಎಂಬುದು ಅಂದಿನ ‘ಮುಸಲ್ಮಾನ್’ ಪತ್ರಿಕೆಯಲ್ಲಿ ದಾಖಲಾಗಿದೆ. ಗೆದ್ದವನ ಹೆಸರನ್ನು ಅಂದು ಯಾರೂ ವಿಚಾರಿಸಲಿಲ್ಲ. ಸೋತವನು ಆಳುವವನು, ಗೆದ್ದವನು ನಮ್ಮವನು, ಅಷ್ಟು ಸಾಕಾಗಿತ್ತು.

ಮೊಹಮ್ಮಡನ್ ಸ್ಪೋರ್ಟಿಂಗ್‌ನ ಐದು ವರ್ಷಗಳು

1891ರಲ್ಲಿ ಕಲ್ಕತ್ತಾದಲ್ಲಿ ಸ್ಥಾಪನೆಯಾದ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ ನಾಲ್ಕು ದಶಕಗಳ ಕಾಲ ಹೇಳಿಕೊಳ್ಳುವಂತಹ ಸಾಧನೆಯನ್ನೇನೂ ಮಾಡಿರಲಿಲ್ಲ. ಹಣದ ಅಡಚಣೆ, ಒಳ್ಳೆಯ ಆಟಗಾರರ ಕೊರತೆ, ಕೆಳಗಿನ ದರ್ಜೆಯಲ್ಲೇ ಕಳೆದ ವರ್ಷಗಳು. 1930ರ ದಶಕದ ಆರಂಭದಲ್ಲಿ ಕ್ಲಬ್ಬಿನ ಆಡಳಿತ ಎಚ್ಚೆತ್ತುಕೊಂಡಿತು. ಕಲ್ಕತ್ತಾದಲ್ಲಿ ಸಿಗುವವರನ್ನಷ್ಟೇ ನಂಬಿ ಕೂರದೆ ದೇಶದ ಬೇರೆ ಬೇರೆ ಕಡೆಗಳಿಂದ ಪ್ರತಿಭಾವಂತರನ್ನು ಕರೆತಂದರು. ಅವರಲ್ಲಿ ನಮ್ಮ ಬೆಂಗಳೂರಿನ ಹುಡುಗರೂ ಇದ್ದರು. ಇನ್ನೊಂದು ಬದಲಾವಣೆಯೂ ಆಯಿತು. ಕಲ್ಕತ್ತಾದ ಲೀಗ್ ನಡೆಯುವುದೇ ಮಳೆಗಾಲದಲ್ಲಿ. ಕೆಸರಿನಲ್ಲಿ ಬರಿಗಾಲಿನ ಆಟಗಾರ ಜಾರುತ್ತಾನೆ, ಬೂಟು ಹಾಕಿದವನು ನಿಲ್ಲುತ್ತಾನೆ. ಇಷ್ಟು ಸರಳವಾದ ಸತ್ಯವನ್ನು ಅರ್ಥ ಮಾಡಿಕೊಂಡು ಒದ್ದೆ ಮೈದಾನದಲ್ಲಿ ಬೂಟು ಧರಿಸಿ ಆಡುವ ಅಭ್ಯಾಸವನ್ನು ತಂಡಕ್ಕೆ ಮಾಡಿಸಿದರು.

1934ರಲ್ಲಿ ಕ್ಲಬ್ ಕಲ್ಕತ್ತಾ ಲೀಗ್‌ನ ಪ್ರಥಮ ದರ್ಜೆಗೆ ಏರಿತು. ಏರಿದ ಮೊದಲ ವರ್ಷವೇ ಪ್ರಶಸ್ತಿ ಗೆದ್ದಿತು. 1898ರಿಂದ ನಡೆಯುತ್ತಿದ್ದ ಆ ಲೀಗನ್ನು ಒಂದು ಭಾರತೀಯ ತಂಡ ಗೆದ್ದದ್ದು ಅದೇ ಮೊದಲು. ಅಲ್ಲಿಗೇ ನಿಲ್ಲದೆ 1934ರಿಂದ 1938ರವರೆಗೆ ಸತತ ಐದು ವರ್ಷ ಲೀಗ್ ಪ್ರಶಸ್ತಿ ಅದರ ಪಾಲಾಯಿತು. 1936ರಲ್ಲಿ ಲೀಗ್ ಜೊತೆಗೆ ಐ.ಎಫ್.ಎ. ಶೀಲ್ಡನ್ನೂ ಗೆದ್ದಿತು.

ಅಂದಿನ ಕಲ್ಕತ್ತಾದ ಸಾಮಾನ್ಯ ಮುಸಲ್ಮಾನನ ಸ್ಥಿತಿಯನ್ನು ಒಮ್ಮೆ ಊಹಿಸಿಕೊಳ್ಳಿ. ಬಂದರಿನಲ್ಲಿ ಮೂಟೆ ಹೊರುವವನು, ಹಡಗಿನ ಖಲಾಸಿ, ಮಟಿಯಾಬುರ್ಜ್‌ನ ದರ್ಜಿ, ಪುಸ್ತಕಕ್ಕೆ ರಟ್ಟು ಕಟ್ಟುವವನು, ಕುದುರೆ ಗಾಡಿ ಓಡಿಸುವವನು. ಕಚೇರಿಯಲ್ಲಿ ಅವನಿಗೆ ಕುರ್ಚಿ ಇಲ್ಲ, ಕಾಲೇಜಿನಲ್ಲಿ ಅವನ ಮಗನಿಗೆ ಬೆಂಚು ಇಲ್ಲ, ಪತ್ರಿಕೆಯಲ್ಲಿ ಅವನ ಹೆಸರು ಬರುವುದಿಲ್ಲ. ಅಂಥವನು ಸಂಜೆ ಕೆಲಸ ಮುಗಿಸಿ ಮೈದಾನಕ್ಕೆ ಬಂದು ನಿಂತಾಗ, ಬಿಳಿ-ಕಪ್ಪು ಅಂಗಿ ತೊಟ್ಟ ಹನ್ನೊಂದು ಮಂದಿ ಸಾಹೇಬರ ತಂಡವನ್ನು ಸೋಲಿಸುತ್ತಿದ್ದರು. ಆ ಹನ್ನೊಂದು ಮಂದಿಯ ಹೆಸರುಗಳು ಅವನ ಮನೆಯಲ್ಲಿ ಇರುವಂಥವೇ: ರಶೀದ್, ಸಲೀಮ್, ರಹೀಮ್, ಜುಮ್ಮಾ ಖಾನ್. ಮರುದಿನ ಬೆಳಿಗ್ಗೆ ಅವನು ಮೂಟೆ ಹೊರಲು ಹೋಗುವಾಗ ಕೂಲಿ ಒಂದು ಕಾಸೂ ಹೆಚ್ಚಾಗಿರಲಿಲ್ಲ. ಆದರೆ ಬೆನ್ನು ಸ್ವಲ್ಪ ನೆಟ್ಟಗಾಗಿತ್ತು. “ಅವರು ಗೆದ್ದರೆ ನಿಮಗೇನು ಸಿಗುತ್ತದೆ” ಎಂಬ ಪ್ರಶ್ನೆಗೆ ಇದು ಮೊದಲ ಉತ್ತರ.

ಸಲೀಮರ ಬರಿಗಾಲು

ಆ ತಂಡದ ಒಬ್ಬ ಆಟಗಾರನ ಕಥೆಯನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಮಟಿಯಾಬುರ್ಜ್‌ನ ಸಾಧಾರಣ ಕುಟುಂಬದಲ್ಲಿ ಹುಟ್ಟಿದ ಮೊಹಮ್ಮದ್ ಸಲೀಮ್ ಬಲಬದಿಯ ಮುನ್ಪಡೆಯಲ್ಲಿ ಆಡುತ್ತಿದ್ದರು. 1936ರಲ್ಲಿ ಬ್ರಿಟನ್‌ನಲ್ಲಿದ್ದ ಬಂಧುವೊಬ್ಬರ ಒತ್ತಾಯಕ್ಕೆ ಹಡಗು ಹತ್ತಿ ಹೋದ ಅವರು ಸ್ಕಾಟ್ಲೆಂಡಿನ ಪ್ರಸಿದ್ಧ ಸೆಲ್ಟಿಕ್ ಕ್ಲಬ್ಬಿನ ಬಾಗಿಲು ತಟ್ಟಿದರು. ಬರಿಗಾಲಿನಲ್ಲಿ ಆಡುವ ಭಾರತೀಯನೊಬ್ಬ ತಮ್ಮ ತಂಡಕ್ಕೆ ಸೇರಲು ಬಂದಿದ್ದಾನೆ ಎಂದಾಗ ಅಲ್ಲಿಯವರಿಗೆ ಅಚ್ಚರಿಯಾದರೂ, ಅವಕಾಶ ಕೊಟ್ಟು ನೋಡಿದರು. ಸಲೀಮರ ಆಟ ಕಂಡು ಬೆರಗಾದರು.

ಪಾದಗಳಿಗೆ ಬ್ಯಾಂಡೇಜ್ ಸುತ್ತಿಕೊಂಡು ಸಲೀಮ್ ಸೆಲ್ಟಿಕ್ ಪರವಾಗಿ ಎರಡು ಪಂದ್ಯ ಆಡಿದರು. ಸೆಲ್ಟಿಕ್‌ನ ತರಬೇತುದಾರ ಜಿಮ್ಮಿ ಮ್ಯಾಕ್‌ಮೆನಮಿ ಬಾಗಿ ಕುಳಿತು ಸಲೀಮರ ಪಾದಕ್ಕೆ ಬಟ್ಟೆ ಸುತ್ತುತ್ತಿರುವ ಒಂದು ಛಾಯಾಚಿತ್ರ ಇಂದಿಗೂ ಇದೆ. ಬಿಳಿಯನ ಬೂಟು ಒರೆಸುವುದು ಭಾರತೀಯನ ಕೆಲಸ ಎಂದು ತಿಳಿದಿದ್ದ ಕಾಲದಲ್ಲಿ ತೆಗೆದ ಚಿತ್ರ ಅದು! ಯುರೋಪಿನ ಕ್ಲಬ್ಬಿಗೆ ಆಡಿದ ಭಾರತ ಉಪಖಂಡದ ಮೊದಲ ಆಟಗಾರ ಎಂಬ ಗೌರವ ಸಲೀಮರದು.

ಆದರೆ ಸಲೀಮರಿಗೆ ಮನೆಯ ನೆನಪು ಕಾಡಿತು. ಉಳಿದುಕೊಳ್ಳುವಂತೆ ಕ್ಲಬ್ಬಿನವರು ಎಷ್ಟು ಕೇಳಿಕೊಂಡರೂ ಅವರು ಕಲ್ಕತ್ತಾಕ್ಕೆ ಮರಳಿ, ಮತ್ತೆ ಮೊಹಮ್ಮಡನ್ ಸ್ಪೋರ್ಟಿಂಗ್ ಪರ ಆಡಿದರು. 1980ರಲ್ಲಿ ತೀರಿಕೊಂಡರು. ಅವರ ಕೊನೆಗಾಲದಲ್ಲಿ ಮಗನೊಬ್ಬರು ಸೆಲ್ಟಿಕ್ ಕ್ಲಬ್ಬಿಗೆ ಪತ್ರ ಬರೆದು ತಂದೆಯ ಅನಾರೋಗ್ಯದ ಬಗ್ಗೆ ತಿಳಿಸಿದ್ದರು. ಕ್ಲಬ್ಬಿನಿಂದ ನೂರು ಪೌಂಡಿನ ಡ್ರಾಫ್ಟ್ ಬಂತು. ಆ ಕುಟುಂಬ ಅದನ್ನು ನಗದು ಮಾಡಿಸಿಕೊಳ್ಳದೆ ನೆನಪಿಗಾಗಿ ಇಟ್ಟುಕೊಂಡಿತು. ಹಣದಿಂದ ಅಳೆಯಲಾಗದ್ದೂ ಆಟದಲ್ಲಿ ಇದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಬೆಂಗಳೂರಿನ ಹೆಮ್ಮೆ

ಈಗ ನಮ್ಮ ರಾಜ್ಯದ ಕಡೆಗೆ ಬರೋಣ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರನ್ನು ನೋಡಿ ಆಟ ಕಲಿತವರು ಅಲ್ಲಿನ ಬಡ ಕುಟುಂಬಗಳ ಮಕ್ಕಳು. ಆಸ್ಟಿನ್ ಟೌನ್, ಹಲಸೂರು ಭಾಗದ ಬೀದಿಗಳಲ್ಲಿ ತಮಿಳು, ಉರ್ದು, ಕನ್ನಡ ಮಾತನಾಡುವ ಹುಡುಗರು ಒಟ್ಟಿಗೆ ಚೆಂಡು ಒದ್ದರು. ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆ ಇದೆ.

ಈ ನಗರದಲ್ಲಿ ಬೆಳೆದ ‘ಬೆಂಗಳೂರು ಮುಸ್ಲಿಮ್ಸ್’ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. 46 ವರ್ಷಗಳಿಂದ ನಡೆದು ಬಂದ ಆ ಪಂದ್ಯಾವಳಿಯನ್ನು ಸೈನ್ಯಕ್ಕೆ ಸೇರದ ಒಂದು ಭಾರತೀಯ ತಂಡ ಗೆದ್ದದ್ದು ಅದೇ ಮೊದಲು. ಫೈನಲ್‌ನಲ್ಲಿ ಎದುರಾಳಿ ಯಾರು ಗೊತ್ತೇ? ಅದೇ ಮೊಹಮ್ಮಡನ್ ಸ್ಪೋರ್ಟಿಂಗ್! ಒಂದೇ ಗೋಲಿನಿಂದ ಬೆಂಗಳೂರಿನವರು ಕಲ್ಕತ್ತಾದ ಚಾಂಪಿಯನ್ನರನ್ನು ಸೋಲಿಸಿದರು. ಮರುವರ್ಷ 1938ರಲ್ಲೂ ಕಪ್ ಬೆಂಗಳೂರಿಗೇ ಬಂತು. 1940ರಲ್ಲಿ ಮತ್ತೆ ಇದೇ ಎರಡು ತಂಡಗಳು ಫೈನಲ್ ತಲುಪಿದವು. ಈ ಸಲ ಮೊಹಮ್ಮಡನ್ ಸೇಡು ತೀರಿಸಿಕೊಂಡಿತು. 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೂರನೇ ಬಾರಿ ರೋವರ್ಸ್ ಕಪ್ ಎತ್ತಿತು.

1940ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಇನ್ನೊಂದು ಇತಿಹಾಸ ನಿರ್ಮಾಣವಾಯಿತು. ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ರಾಯಲ್ ವಾರ್ವಿಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿತು. ಡ್ಯುರಾಂಡ್ ಗೆದ್ದ ಮೊದಲ ಭಾರತೀಯ ಕ್ಲಬ್ ಅದು. ಆ ಪಂದ್ಯದ ರೆಫರಿ ಕ್ಯಾಪ್ಟನ್ ಹರ್ನಾಮ್ ಸಿಂಗ್. ಡ್ಯುರಾಂಡ್ ಫೈನಲ್ ನಡೆಸಿದ ಮೊದಲ ಭಾರತೀಯ ರೆಫರಿ ಎಂಬುದು ಅವರ ಹಿರಿಮೆ. ಹಲವು ಊರುಗಳಿಂದ ಅಭಿಮಾನಿಗಳು ರೈಲು ಹತ್ತಿ ದೆಹಲಿಗೆ ಬಂದಿದ್ದರು.

ಅಭಿಮಾನ ಹಾದಿ ತಪ್ಪಿದಾಗ

ಇಲ್ಲಿಗೆ ನಿಲ್ಲಿಸಿದರೆ ಇದು ಕೇವಲ ಹೆಮ್ಮೆಯ ಕಥೆಯಾಗಿ ಉಳಿಯುತ್ತಿತ್ತು. ಇತಿಹಾಸ ಓದುವವರು ಅಹಿತವಾದುದನ್ನೂ ಓದಬೇಕು.

1911ರಲ್ಲಿ ಮೋಹನ್ ಬಗಾನ್ ಗೆದ್ದಾಗ ಮುಸ್ಲಿಮರು ಕುಣಿದರು. 1930ರ ದಶಕದ ಕೊನೆಯ ಹೊತ್ತಿಗೆ ಪರಿಸ್ಥಿತಿ ಹಾಗಿರಲಿಲ್ಲ. ದೇಶದ ರಾಜಕೀಯದಲ್ಲಿ ಒಡಕು ದೊಡ್ಡದಾದಂತೆ ಅದರ ನೆರಳು ಮೈದಾನದ ಮೇಲೂ ಬಿತ್ತು. ಮೊಹಮ್ಮಡನ್ ಗೆದ್ದರೆ ಅದು ಒಂದು ಸಮುದಾಯದ ಗೆಲುವು, ಸೋತರೆ ಇನ್ನೊಂದು ಸಮುದಾಯದ ಗೆಲುವು ಎಂದು ಎರಡೂ ಕಡೆಯವರು ಲೆಕ್ಕ ಹಾಕತೊಡಗಿದರು. ಪಂದ್ಯ ಮುಗಿದ ಮೇಲೆ ಗಲಾಟೆ, ಕಲ್ಲು ತೂರಾಟಗಳು ನಡೆದವು. ಕ್ಲಬ್ಬಿನ ಪದಾಧಿಕಾರಿಗಳಲ್ಲಿ ರಾಜಕಾರಣಿಗಳೂ ಇದ್ದುದರಿಂದ ಆಟ ಮತ್ತು ಚುನಾವಣೆಯ ನಡುವಿನ ಗೆರೆ ಅಳಿಸಿಹೋಗುತ್ತಿತ್ತು.

ಎಲ್ಲವೂ ಕೋಮುಜಗಳವೇ ಆಗಿತ್ತೆಂದು ಹೇಳುವುದೂ ತಪ್ಪಾಗುತ್ತದೆ. 1939ರಲ್ಲಿ ಆಡಳಿತ ಸಂಸ್ಥೆಯ ಧೋರಣೆಯನ್ನು ಪ್ರತಿಭಟಿಸಿ ಮೊಹಮ್ಮಡನ್ ಸ್ಪೋರ್ಟಿಂಗ್ ಲೀಗ್‌ನಿಂದ ಹೊರನಡೆದಾಗ ಅದರ ಜೊತೆ ಹೊರನಡೆದ ಕ್ಲಬ್ಬುಗಳಲ್ಲಿ ಈಸ್ಟ್ ಬೆಂಗಾಲ್ ಮತ್ತು ಕಾಳಿಘಾಟ್ ಇದ್ದವು. ನ್ಯಾಯದ ಪ್ರಶ್ನೆ ಬಂದಾಗ ಧರ್ಮ ಬೇರೆಯಾದವರೂ ಒಂದಾಗುತ್ತಿದ್ದರು ಎಂಬುದಕ್ಕೆ ಇದು ನಿದರ್ಶನ. ಆದರೆ ಇಂತಹ ಉದಾಹರಣೆಗಳು ಕಡಿಮೆಯಾಗುತ್ತಾ ಬಂದವು. ಇದು ಫುಟ್‌ಬಾಲಿಗಷ್ಟೇ ಸೀಮಿತವಾಗಿರಲಿಲ್ಲ. ಮುಂಬಯಿಯಲ್ಲಿ ಹಿಂದೂಗಳು, ಮುಸ್ಲಿಮರು, ಪಾರ್ಸಿಗಳು, ಯುರೋಪಿಯನ್ನರು ಮತ್ತು ಇತರರು ಎಂದು ತಂಡ ಕಟ್ಟಿಕೊಂಡು ಕ್ರಿಕೆಟ್ ಪಂದ್ಯಾವಳಿ ನಡೆಯುತ್ತಿತ್ತು. 1940ರಲ್ಲಿ ಗಾಂಧೀಜಿ ಅದನ್ನು ಬಹಿರಂಗವಾಗಿ ವಿರೋಧಿಸಿದರು. 1946ರ ನಂತರ ಅದು ನಿಂತಿತು.

1946ರ ಆಗಸ್ಟ್ 16ರಂದು ಕಲ್ಕತ್ತಾದ ಅದೇ ವಿಶಾಲ ಮೈದಾನದಲ್ಲಿ, ಸ್ಮಾರಕ ಸ್ತಂಭದ ಬಳಿ, ರಾಜಕೀಯ ಸಭೆ ಸೇರಿತು. ಅಂದು ಶುರುವಾದ ಹಿಂಸೆಯಲ್ಲಿ ಕೆಲವೇ ದಿನಗಳಲ್ಲಿ ಸಾವಿರಾರು ಹಿಂದೂ-ಮುಸ್ಲಿಮರು ಸತ್ತರು. ಒಂದು ಕಾಲದಲ್ಲಿ ಗಾಳಿಪಟ ಹಾರಿಸಿ ಗೋಲಿನ ಸುದ್ದಿ ಹೇಳಿದ ನಗರ ಅದು. ಮರುವರ್ಷ ದೇಶವೇ ಎರಡಾಯಿತು. ಮೊಹಮ್ಮಡನ್ ಸ್ಪೋರ್ಟಿಂಗ್‌ನ ಎಷ್ಟೋ ಆಟಗಾರರು, ಅಭಿಮಾನಿಗಳು ಗಡಿಯ ಆಚೆಗೆ ಹೋದರು.

ತನ್ನದನ್ನು ಪ್ರೀತಿಸುವುದು ಅಭಿಮಾನ. ಇನ್ನೊಬ್ಬನದನ್ನು ದ್ವೇಷಿಸಿದರೆ ಮಾತ್ರ ತನ್ನ ಪ್ರೀತಿ ಪೂರ್ಣವಾಗುತ್ತದೆ ಎಂದು ಭಾವಿಸಿದಾಗ ಅದು ರೋಗವಾಗುತ್ತದೆ. ಈ ರೋಗ ಮೈದಾನದಲ್ಲಿ ಹುಟ್ಟುವುದು ಕಡಿಮೆ. ಹೊರಗೆ ಹುಟ್ಟಿ ಟಿಕೆಟು ಕೊಂಡು ಒಳಗೆ ಬರುವುದೇ ಹೆಚ್ಚು.

ನಿರಾಶ್ರಿತರ ಕಣ್ಮಣಿ ಅಹ್ಮದ್ ಖಾನ್

ಆ ಗಾಯ ಹಸಿಯಾಗಿದ್ದಾಗಲೇ, 1949ರಲ್ಲಿ, ಬೆಂಗಳೂರಿನ ಒಬ್ಬ ಮುಸ್ಲಿಮ್ ಯುವಕ ಕಲ್ಕತ್ತಾಕ್ಕೆ ಆಡಲು ಹೋದ. ಹೆಸರು ಅಹ್ಮದ್ ಖಾನ್. ಹುಟ್ಟಿದ್ದು 1926ರಲ್ಲಿ, ಫುಟ್‌ಬಾಲ್ ಆಡುವವರ ಮನೆಯಲ್ಲೇ. ಬೆಂಗಳೂರು ಮುಸ್ಲಿಮ್ಸ್ ತಂಡದಲ್ಲಿ ಪಳಗಿ, 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿದ್ದವರು. ಸ್ವತಂತ್ರ ಭಾರತದ ಆ ಮೊದಲ ಒಲಿಂಪಿಕ್ ತಂಡದ ಹೆಚ್ಚಿನವರು ಬರಿಗಾಲಿನಲ್ಲೇ ಆಡಿ, ಫ್ರಾನ್ಸ್‌ಗೆ ಬಲವಾದ ಪೈಪೋಟಿ ನೀಡಿ 1-2ರಿಂದ ಸೋತರು. ನಮಗೆ ಸಿಕ್ಕ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ನಮ್ಮ ಮೈಸೂರು ರಾಜ್ಯ ತಂಡದ ಆಟಗಾರ. ಕಾಲಿನಲ್ಲಿ ಚೆಂಡನ್ನು ಹಾವಿನಂತೆ ಆಡಿಸುತ್ತಿದ್ದ ಅಹ್ಮದ್ ಖಾನ್‌ರಿಗೆ ‘ಹಾವಾಡಿಗ’ ಎಂಬ ಬಿರುದು ಬಂದಿತ್ತು.

ಕಲ್ಕತ್ತಾದಲ್ಲಿ ಅವರು ಸೇರಿದ್ದು ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನಲ್ಲ, ಈಸ್ಟ್ ಬೆಂಗಾಲ್ ತಂಡವನ್ನು. ಇದರ ಮಹತ್ವವನ್ನು ತಿಳಿಯಬೇಕಾದರೆ ಅಂದಿನ ಈಸ್ಟ್ ಬೆಂಗಾಲ್ ಅಭಿಮಾನಿಗಳು ಯಾರೆಂದು ತಿಳಿಯಬೇಕು. ವಿಭಜನೆಯಿಂದ ಪೂರ್ವ ಬಂಗಾಳದ ತಮ್ಮ ಮನೆ, ಹೊಲ, ಕೊಳಗಳನ್ನು ಬಿಟ್ಟು ಬರಿಗೈಯಲ್ಲಿ ಬಂದ ಹಿಂದೂ ನಿರಾಶ್ರಿತರು ಅವರು. ರೈಲು ನಿಲ್ದಾಣದಲ್ಲಿ, ಶಿಬಿರಗಳಲ್ಲಿ, ತಗಡಿನ ಗುಡಿಸಲುಗಳಲ್ಲಿ ಬದುಕುತ್ತಿದ್ದವರು. ಕಳೆದುಹೋದ ಊರಿನ ಹೆಸರು ಉಳಿದಿದ್ದದ್ದು ಈ ಕ್ಲಬ್ಬಿನಲ್ಲಿ ಮಾತ್ರ. ಮುಸಲ್ಮಾನ ಎಂಬ ಹೆಸರು ಕೇಳಿದರೆ ಸಿಟ್ಟಾಗಲು ಅವರಲ್ಲಿ ಅನೇಕರಿಗೆ ತಮ್ಮದೇ ಕಾರಣಗಳಿದ್ದವು.

ಅದೇ ಜನ ಅಹ್ಮದ್ ಖಾನ್‌ರನ್ನು ಹೆಗಲ ಮೇಲೆ ಹೊತ್ತರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ; ದಕ್ಷಿಣ ಭಾರತದಿಂದ ಹೋದ ಈ ಐವರು ಮುನ್ಪಡೆಯ ಆಟಗಾರರು ಈಸ್ಟ್ ಬೆಂಗಾಲ್‌ಗೆ 1949ರಲ್ಲಿ ಲೀಗ್ ಮತ್ತು ಶೀಲ್ಡ್ ಎರಡನ್ನೂ ಗೆದ್ದುಕೊಟ್ಟರು. 1950 ಮತ್ತು 1951ರಲ್ಲೂ ಶೀಲ್ಡ್ ಅವರದೇ. ಜನ ಈ ಐವರಿಗೆ ಇಟ್ಟ ಹೆಸರು ‘ಪಂಚಪಾಂಡವರು’. ಐವರಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಮತ್ತು ಕೇರಳದ ಸಾಲೆ ಮುಸ್ಲಿಮರು. ಮಹಾಭಾರತದ ಹೆಸರಿನಲ್ಲಿ ಇಬ್ಬರು ಮುಸ್ಲಿಮರನ್ನು ಸೇರಿಸಿ ಕರೆಯಲು ಆ ನಿರಾಶ್ರಿತರಿಗೆ ಯಾರೂ ಹೇಳಿಕೊಡಲಿಲ್ಲ. ಸೌಹಾರ್ದ ಸಭೆಗಳ ಭಾಷಣ ಮಾಡಲಾಗದ ಕೆಲಸವನ್ನು ಒಬ್ಬ ಒಳ್ಳೆಯ ಆಟಗಾರನ ಕಾಲು ಮಾಡಿತ್ತು.

ಅಹ್ಮದ್ ಖಾನ್ 1951ರಲ್ಲಿ ದೆಹಲಿಯ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು ಭಾರತ 1-10ರಿಂದ ಹೀನಾಯವಾಗಿ ಸೋತಾಗ, ಆ ಒಂದು ಗೋಲು ಅವರದು. ಆ ಸೋಲಿನ ನಂತರವೇ ಭಾರತೀಯ ಫುಟ್‌ಬಾಲಿನಲ್ಲಿ ಬೂಟು ಕಡ್ಡಾಯವಾಯಿತು. ಮೊಹಮ್ಮಡನ್ ಸ್ಪೋರ್ಟಿಂಗ್ 1930ರ ದಶಕದಲ್ಲೇ ಕಲಿತ ಪಾಠವನ್ನು ದೇಶ ಕಲಿಯಲು ಹತ್ತು ಗೋಲು ತಿನ್ನಬೇಕಾಯಿತು! ಅಹ್ಮದ್ ಖಾನ್ 2017ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಬೆಂಗಳೂರಿನಲ್ಲೇ ನಿಧನರಾದರು.

ಎರಡು ಆಗಸ್ಟ್‌ಗಳು

ಅಭಿಮಾನ ಸರಿದಾರಿಗೆ ಬಂದರೆ ಸದಾ ಅಲ್ಲೇ ಇರುತ್ತದೆ ಎಂಬ ಭರವಸೆ ಇಲ್ಲ. 1980ರ ಆಗಸ್ಟ್ 16ರಂದು ಕಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಗಾನ್ ಪಂದ್ಯದ ವೇಳೆ ಪ್ರೇಕ್ಷಕರ ನಡುವೆ ಹೊಡೆದಾಟ ನಡೆದು, ನೂಕುನುಗ್ಗಲಿನಲ್ಲಿ 16 ಮಂದಿ ಸತ್ತರು. ಇಲ್ಲಿ ಧರ್ಮದ ಪ್ರಶ್ನೆಯೇ ಇರಲಿಲ್ಲ. ಸತ್ತವರು ಆಟ ನೋಡಲು ಮನೆಯಿಂದ ಹೊರಟ ಸಾಮಾನ್ಯರು. ಅವರ ನೆನಪಿಗಾಗಿ ಆ ದಿನವನ್ನು ಬಂಗಾಳದಲ್ಲಿ ಫುಟ್‌ಬಾಲ್ ಪ್ರೇಮಿಗಳ ದಿನವಾಗಿ ಆಚರಿಸಿ ರಕ್ತದಾನ ಮಾಡುತ್ತಾ ಬಂದಿದ್ದಾರೆ.

ಇನ್ನೊಂದು ಆಗಸ್ಟ್ ತೀರಾ ಇತ್ತೀಚಿನದು. 2024ರಲ್ಲಿ ಕೋಲ್ಕತ್ತಾದ ಸರಕಾರಿ ಆಸ್ಪತ್ರೆಯೊಂದರಲ್ಲಿ ಯುವ ವೈದ್ಯೆಯೊಬ್ಬಳ ಮೇಲೆ ಅತ್ಯಾಚಾರ, ಕೊಲೆ ನಡೆದು ಇಡೀ ನಗರ ರೊಚ್ಚಿಗೆದ್ದಿತ್ತು. ಆಗಸ್ಟ್ 18ರಂದು ನಡೆಯಬೇಕಿದ್ದ ಡ್ಯುರಾಂಡ್ ಕಪ್ ಪಂದ್ಯ ರದ್ದಾಯಿತು. ಪಂದ್ಯ ರದ್ದಾದರೂ ಅಭಿಮಾನಿಗಳು ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಬಂದು ಸೇರಿದರು. ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಅಭಿಮಾನಿಗಳ ಜೊತೆ ಮೊಹಮ್ಮಡನ್ ಸ್ಪೋರ್ಟಿಂಗ್ ಅಭಿಮಾನಿಗಳೂ ನಿಂತರು. ನೂರು ವರ್ಷದ ಎದುರಾಳಿಗಳು ಒಂದೇ ಬೀದಿಯಲ್ಲಿ, ಒಬ್ಬ ಹೆಣ್ಣುಮಗಳಿಗೆ ನ್ಯಾಯ ಕೇಳುತ್ತಾ, ಒಂದೇ ಘೋಷಣೆ ಕೂಗಿದರು.

ಅದೇ ವರ್ಷ ಮೊಹಮ್ಮಡನ್ ಸ್ಪೋರ್ಟಿಂಗ್ ಐ-ಲೀಗ್ ಗೆದ್ದು ಇಂಡಿಯನ್ ಸೂಪರ್ ಲೀಗ್‌ಗೆ ಬಡ್ತಿ ಪಡೆದಿತ್ತು. ಆ ತಂಡದಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಮ್ ಆಟಗಾರರು, ವಿದೇಶಿಯರು ಎಲ್ಲರೂ ಇದ್ದರು. ಹೆಸರು ಹಳೆಯದೇ, ಬಾಗಿಲು ಮಾತ್ರ ಎಲ್ಲರಿಗೂ ತೆರೆದಿದೆ.

ನಾವು ಕಲಿಯಬೇಕಾದದ್ದು

ಈ ಇತಿಹಾಸದಿಂದ ನಮ್ಮ ಶಿಕ್ಷಣ ಸಂಸ್ಥೆಗಳಿಗೆ, ಪೋಷಕರಿಗೆ, ಯುವಕರಿಗೆ ಕೆಲವು ಪಾಠಗಳಿವೆ.

ಮೊದಲನೆಯದು ಸಂಘಟನೆಯ ಪಾಠ. ಮೊಹಮ್ಮಡನ್ ಸ್ಪೋರ್ಟಿಂಗ್ ನಲವತ್ತು ವರ್ಷ ಹಿಂದುಳಿದಿದ್ದು ಆಟಗಾರರಿಗೆ ಪ್ರತಿಭೆ ಇಲ್ಲದ್ದರಿಂದಲ್ಲ. ದೂರದ ಪ್ರತಿಭೆಯನ್ನು ಹುಡುಕಿ ತಂದು, ಕಾಲಿಗೆ ತಕ್ಕ ಬೂಟು ಕೊಟ್ಟು, ಶಿಸ್ತು ಕಲಿಸಿದ ಮೇಲೆ ಅದೇ ಕ್ಲಬ್ ಐದು ವರ್ಷ ಲೀಗ್ ಪ್ರಶಸ್ತಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ನಮ್ಮ ಮಕ್ಕಳು ಓದಿನಲ್ಲಿ ಹಿಂದೆ ಬಿದ್ದಿದ್ದಾರೆಂದು ದೂರುವ ಮೊದಲು, ಕೆಸರಿನಲ್ಲಿ ಓಡಲು ಅವರಿಗೆ ಬೂಟು ಕೊಟ್ಟಿದ್ದೇವೆಯೇ ಎಂದು ನಮ್ಮನ್ನೇ ಕೇಳಿಕೊಳ್ಳೋಣ. ಒಳ್ಳೆಯ ಶಿಕ್ಷಕ, ಗ್ರಂಥಾಲಯ, ವಿದ್ಯಾರ್ಥಿವೇತನ ಇವೇ ಆ ಬೂಟುಗಳು.

ಎರಡನೆಯದು, ಆಟವನ್ನು ಓದಿನ ಶತ್ರುವೆಂದು ಕಾಣುವುದನ್ನು ಬಿಡಬೇಕು. ಸೋತ ಮರುದಿನ ಮತ್ತೆ ಅಭ್ಯಾಸಕ್ಕೆ ಬರುವುದು, ರೆಫರಿಯ ತೀರ್ಪು ಇಷ್ಟವಾಗದಿದ್ದರೂ ಪಾಲಿಸುವುದು, ತಾನು ಗೋಲು ಹೊಡೆಯುವ ಆಸೆ ಬಿಟ್ಟು ಜೊತೆಗಾರನಿಗೆ ಚೆಂಡು ಕೊಡುವುದು, ಇವನ್ನು ಯಾವ ಪಠ್ಯಪುಸ್ತಕವೂ ಮೈದಾನದಷ್ಟು ಚೆನ್ನಾಗಿ ಕಲಿಸದು. ಆದರೆ ಇದಕ್ಕೆ ಮೈದಾನ ಬೇಕು, ಮೊಬೈಲ್ ಪರದೆ ಸಾಲದು. ರಾತ್ರಿಯಿಡೀ ಯುರೋಪಿನ ಪಂದ್ಯ ನೋಡಿ ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವ ಹುಡುಗ ಸಂಜೆ ಒಂದು ಗಂಟೆ ತಾನೇ ಆಡಿದರೆ ಅವನ ಅಭಿಮಾನಕ್ಕೂ ಅರ್ಥ, ದೇಹಕ್ಕೂ ಆರೋಗ್ಯ. ನಮ್ಮ ಹೆಣ್ಣುಮಕ್ಕಳಿಗೂ ಶಾಲೆಯ ಆವರಣದಲ್ಲಿ ಆಡುವ ಹೊತ್ತು ಮತ್ತು ಜಾಗ ಸಿಗಬೇಕು. ಓಟ, ಉಸಿರು, ಆತ್ಮವಿಶ್ವಾಸ ಗಂಡುಮಕ್ಕಳ ಸ್ವತ್ತಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ನಮ್ಮ ಹುಡುಗರು ತಮ್ಮ ತಂಡವನ್ನು ಪ್ರೀತಿಸಲಿ, ಬಾವುಟ ಹಾರಿಸಲಿ. ಎದುರು ಮನೆಯವನ ಬಾವುಟವನ್ನು ಹರಿಯುವುದು ಬೇಡ. ಊರಿನ ಪಂದ್ಯಾವಳಿಗಳಲ್ಲಿ ಒಂದೇ ಸಮುದಾಯದ ತಂಡಗಳಷ್ಟೇ ಆಡುವ ಪರಿಪಾಠ ಎಲ್ಲಾದರೂ ಇದ್ದರೆ ಅದನ್ನು ಮುರಿಯೋಣ. ಮೊಹಮ್ಮಡನ್ ಸ್ಪೋರ್ಟಿಂಗ್ ನಮಗೆ ತಲೆ ಎತ್ತಿ ನಡೆಯುವುದನ್ನು ಕಲಿಸಿತು. ಎತ್ತಿದ ತಲೆಯಲ್ಲಿ ಎದುರಿನವನ ಮುಖವೂ ಕಾಣಬೇಕೆಂಬುದನ್ನು ಅಹ್ಮದ್ ಖಾನ್ ಕಲಿಸಿದರು. ಒಂದು ಸಮುದಾಯಕ್ಕೆ ಈ ಎರಡೂ ಬೇಕು. ಮೊದಲನೆಯದು ಇಲ್ಲದಿದ್ದರೆ ಕೀಳರಿಮೆ, ಎರಡನೆಯದು ಇಲ್ಲದಿದ್ದರೆ ಅಹಂಕಾರ.

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಸಂತೋಷ್ ಟ್ರೋಫಿ ಫೈನಲ್ ನಡೆಯಿತು. ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಹಿಂದೆ ಮೈಸೂರು ಎಂಬ ಹೆಸರಿನಲ್ಲಿ ನಾಲ್ಕು ಬಾರಿ ಗೆದ್ದಿದ್ದ ನಮ್ಮ ರಾಜ್ಯ, ಕರ್ನಾಟಕ ಎಂಬ ಹೆಸರಿನಲ್ಲಿ ಗೆದ್ದದ್ದು ಅದೇ ಮೊದಲು. ದುಡಿಮೆಗಾಗಿ ನಮ್ಮ ಊರುಗಳ ಎಷ್ಟೋ ಮಂದಿ ನೆಲೆಸಿರುವ ಮರುಭೂಮಿಯ ನಾಡಿನಲ್ಲಿ ನಮ್ಮ ರಾಜ್ಯದ ಹೆಸರು ಹಾಗೆ ಕೂಗಿಸಿಕೊಂಡಿತು. ಆ ದಿನ ಬೀದಿಗಳಲ್ಲಿ ಫ್ಲೆಕ್ಸ್ ಏಳಲಿಲ್ಲ, ಪಟಾಕಿ ಸಿಡಿಯಲಿಲ್ಲ. ನಮ್ಮ ಹುಡುಗರಲ್ಲಿ ಹೆಚ್ಚಿನವರಿಗೆ ಸುದ್ದಿಯೇ ತಿಳಿಯಲಿಲ್ಲ.

ಮುಂದಿನ ಸಲ “ಅವರು ಗೆದ್ದರೆ ನಿಮಗೇನು ಸಿಗುತ್ತದೆ” ಎಂದು ಹಿರಿಯರು ಕೇಳಿದಾಗ ಮಕ್ಕಳು ಈ ಕಥೆಗಳನ್ನು ಹೇಳಲಿ. ಹಿರಿಯರೂ ಕುಳಿತು ಕೇಳಲಿ. ಆಮೇಲೆ ಇಬ್ಬರೂ ಸೇರಿ ಊರಿನ ಮೈದಾನದಲ್ಲಿ ಬೆಳೆದಿರುವ ಹುಲ್ಲು ಕತ್ತರಿಸಲು ಹೊರಡಲಿ.